ಗೆಳೆಯರು ಕೊಟ್ಟ ಪುಸ್ತಕದ ಪಟ್ಟಿ ಉದ್ದ ಇದೆ, ಟೈಮ್ ಕಮ್ಮಿ ಇದೆ, ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ: ಮೇಡಂ, ದುಡಿಮೆ, ವರ್ಗ, ಸಾಮಾಜಿಕ ನ್ಯಾಯ ಇವುಗಳ ಬಗ್ಗೆ ಸರಿಯಾಗಿ ಓದ್ಬೇಕು ಅಂತ ಆಸೆಯಾಗಿ ಗೆಳೆಯರನ್ನ ಕೇಳ್ದೆ. ಒಬ್ಬ ಮಾರ್ಕ್ಸ್‌ನ ಕ್ಯಾಪಿಟಲ್ ಓದು, ಮಿಕ್ಕಿದ್ದೆಲ್ಲ ಆಮೇಲೆ ಅಂದ. ಇನ್ನೊಬ್ಳು ಥಿಯರಿ ಬೇಡ, ಕಾದಂಬರಿ ಓದು ಅಂತ ಐದಾರು ಹೆಸರು ಕೊಟ್ಳು. ಮೂರನೇವ್ನು ಅಂಬೇಡ್ಕರ್ ಓದ್ದೇ ವರ್ಗದ ಮಾತೇ ಆಡ್ಬೇಡ ಅಂದ. ನಾಲ್ಕನೇವ್ರು ಅರವತ್ತು ಪಿಡಿಎಫ್ ಇರೋ ಫೋಲ್ಡರ್ ಕಳ್ಸಿದ್ರು. ಕ್ಯಾಪಿಟಲ್ ಮೊದಲ್ನೇ ಅಧ್ಯಾಯ ಮೂರು ಸಲ ಹಿಡ್ದು ಮೂರು ಸಲ ಕೈಬಿಟ್ಟೆ. ಕೆಲ್ಸ ಮುಗ್ಸಿ ಬಂದ್ಮೇಲೆ ರಾತ್ರಿ ಒಂದು ಗಂಟೆ ಸಿಗುತ್ತೆ ಅಷ್ಟೇ. ಯಾವುದ್ರಿಂದ ಶುರು ಮಾಡ್ಲಿ, ಯಾವುದು ಬಿಡ್ಲಿ?

ಉತ್ತರ: ರಾತ್ರಿ ಒಂದು ಗಂಟೆ ಸಿಗುತ್ತೆ ಅಷ್ಟೇ ಅಂದ್ರಲ್ಲ, ಅಲ್ಲಿಂದಾನೇ ಶುರು ಮಾಡಿ ಅಂತೀನಿ. ಮಿಕ್ಕಿದ ಗಂಟೆಗಳು ಎಲ್ಲಿ ಹೋದ್ವು, ಯಾರ ಪಾಲಾದ್ವು, ಅದ್ರಲ್ಲಿ ಎಷ್ಟಕ್ಕೆ ದುಡ್ಡು ಬಂತು ಎಷ್ಟಕ್ಕೆ ಬರ್ಲಿಲ್ಲ, ಈ ಲೆಕ್ಕ ಬರ್ಯೋರು ಯಾರು. ದುಡಿಮೆ ಬಗ್ಗೆ ಇರೋ ಒಳ್ಳೇ ಪುಸ್ತಕಗಳೆಲ್ಲ ಹೆಚ್ಚೂಕಮ್ಮಿ ಇದನ್ನೇ ಕೇಳ್ತವೆ, ಬೇರೆ ಬೇರೆ ಕಡೆಯಿಂದ ಕೇಳ್ತವೆ ಅಷ್ಟೇ. ನಾನು ಇಪ್ಪತ್ತು ವರ್ಷದಿಂದ ಕಾರ್ಮಿಕ ಚರಿತ್ರೆ ಪಾಠ ಮಾಡ್ತಿದೀನಿ, ಕೆಲ್ಸ ಮುಗ್ಸಿ ಬರೋರ ಜೊತೆ ಸಂಜೆ ಕೂತು ಓದೋ ಒಂದು ಗುಂಪೂ ಇದೆ, ಅಲ್ಲಿ ನೋಡಿರೋ ಪ್ರಕಾರ ಈ ವಿಷ್ಯಕ್ಕೆ ವ್ಯಾಖ್ಯಾನದಿಂದ ಒಳಗೆ ಹೋದೋರು ಬಹಳ ಜನ ಅರ್ಧಕ್ಕೇ ನಿಂತ್ಬಿಡ್ತಾರೆ, ಗಂಟೆ ಲೆಕ್ಕದಿಂದ ಹೋದೋರು ನಿಲ್ಲಲ್ಲ, ಯಾಕಂದ್ರೆ ಆ ಲೆಕ್ಕ ಅವ್ರ ಮೈಗೇ ಗೊತ್ತಿರುತ್ತೆ.

ಇನ್ನೊಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಗೆಳೆಯರನ್ನ ಕೇಳಿ ಓದೋದು ಕಾಲೇಜಿಗೆ ಹೋಗಿ ಓದೋದಕ್ಕಿಂತ ಕೆಳಗಿನ ದಾರಿ ಅಂತ ಮನ್ಸಲ್ಲಿದ್ರೆ ತೆಗ್ದಾಕಿ. ಕ್ಯೂಬಾದ ಹವಾನಾದಲ್ಲಿ 1865ರಲ್ಲಿ ಸಿಗಾರ್ ಫ್ಯಾಕ್ಟರಿಗಳಲ್ಲಿ ಒಂದು ಪದ್ಧತಿ ಶುರುವಾಯ್ತು, ನೂರಾರು ಜನ ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುತಾ ಇರ್ಬೇಕಾದ್ರೆ ಒಬ್ರು ಎತ್ತರದ ಪೀಠದ ಮೇಲೆ ಕೂತು ಜೋರಾಗಿ ಓದಿ ಹೇಳೋದು. ಆ ಓದೋರ ಸಂಬಳ ಮಾಲೀಕ ಕೊಡ್ತಿರ್ಲಿಲ್ಲ, ಸುತ್ತೋರೇ ತಮ್ಮ ಕೂಲಿಯಿಂದ ವಾರ ವಾರ ಚಂದಾ ಹಾಕಿ ಕೊಡ್ತಿದ್ರು, ಯಾವ ಪುಸ್ತಕ ಓದ್ಬೇಕು ಅನ್ನೋದನ್ನೂ ತಾವೇ ಆರಿಸ್ತಿದ್ರು. ಪೇಪರ್, ಕಾದಂಬರಿ, ರಾಜಕೀಯ, ಎಲ್ಲ. ಅಕ್ಷರ ಬರದೇ ಇದ್ದೋರೂ ದೊಡ್ಡ ದೊಡ್ಡ ಕಾದಂಬರಿಗಳ ಬಗ್ಗೆ ವಾದ ಮಾಡ್ತಿದ್ರು. ಅಲ್ಲಿಂದ ವಲಸೆ ಹೋದೋರು ಅಮೆರಿಕದ ಟ್ಯಾಂಪಾಗೂ ಈ ಪದ್ಧತಿ ತಗೊಂಡು ಹೋದ್ರು, 1931ರಲ್ಲಿ ಅಲ್ಲಿನ ಮಾಲೀಕರು ಓದೋರನ್ನ ಪೀಠದಿಂದ ಇಳ್ಸಿದ್ರು, ಕಾರಣ ಬೇರೇನಲ್ಲ, ಕೇಳ್ಸಿಕೊಂಡೋರು ಯೋಚ್ನೆ ಮಾಡೋಕೆ ಶುರು ಮಾಡಿದ್ರು, ಯೋಚ್ನೆ ಮಾಡಿದೋರು ಯೂನಿಯನ್ ಕಟ್ಟಿದ್ರು. ಕೆಲ್ಸಗಾರರು ತಮ್ಮ ಕೆಲ್ಸದ ಗಂಟೆ ಒಳಗೇ ಓದೋ ಗಂಟೆ ಕಂಡ್ಕೊಂಡಿದ್ರು ಅನ್ನೋದು ನಂಗೆ ಇವತ್ತಿಗೂ ರೋಮಾಂಚನ ಕೊಡೋ ವಿಷ್ಯ.

ಈಗ ನಿಮ್ಮ ಮೊದಲ್ನೇ ಗೆಳೆಯನ ಪುಸ್ತಕ. ಕ್ಯಾಪಿಟಲ್ ಮೊದಲ ಸಂಪುಟ ಬಂದಿದ್ದು 1867ರಲ್ಲಿ, ಅದ್ರ ಮೊದಲ್ನೇ ಅಧ್ಯಾಯ ಸರಕಿನ ಬಗ್ಗೆ, ಅದು ಕಷ್ಟ, ಮಾರ್ಕ್ಸ್ ಮುನ್ನುಡೀಲೇ ಕಷ್ಟ ಅಂತ ಒಪ್ಕೊಂಡಿದಾರೆ. ಹಾಗಾಗಿ ಮೂರು ಸಲ ಬಿಟ್ಟಿದ್ದಕ್ಕೆ ನಿಮ್ಮನ್ನ ನೀವು ಬೈಕೋಬೇಡಿ. ಅದೇ ವರ್ಷ ನವೆಂಬರಲ್ಲಿ ಕುಗೆಲ್ಮನ್ ಅನ್ನೋ ಡಾಕ್ಟರ್ ಗೆಳೆಯರಿಗೆ ಬರ್ದ ಕಾಗದದಲ್ಲಿ ಮಾರ್ಕ್ಸ್ ಹೇಳ್ತಾರೆ, ನಿಮ್ಮ ಹೆಂಡತಿಗೆ ಮೊದ್ಲು ಕೆಲ್ಸದ ದಿನದ ಬಗ್ಗೆ ಇರೋ ಭಾಗ, ಆಮೇಲೆ ಸಹಕಾರ, ಶ್ರಮ ವಿಭಜನೆ, ಯಂತ್ರಗಳ ಭಾಗ, ಕೊನೇಗೆ ಬಂಡವಾಳ ಮೊದಮೊದಲು ಹೇಗೆ ಕೂಡ್ತು ಅನ್ನೋ ಭಾಗ ಓದೋಕೆ ಹೇಳಿ ಅಂತ. ಬರೆದೋರೇ ತೋರ್ಸಿರೋ ದಾರಿ ಇದು, ನಾವ್ಯಾಕೆ ಹಠ ಮಾಡಿ ಗೋಡೆ ಹತ್ತಬೇಕು. ಇಂಗ್ಲಿಷ್ ಆವೃತ್ತಿಗಳಲ್ಲಿ ಕೆಲ್ಸದ ದಿನ ಅನ್ನೋದು ಹತ್ತನೇ ಅಧ್ಯಾಯ, ಸುಮಾರು 75 ಪುಟ. ನೇರ ಅಲ್ಲಿಗೆ ಹೋಗಿ.

ಆ ಅಧ್ಯಾಯದಲ್ಲಿ ಮೇರಿ ಆನ್ ವಾಕ್ಲಿ ಅನ್ನೋ ಇಪ್ಪತ್ತು ವರ್ಷದ ಹುಡುಗಿ ಬರ್ತಾಳೆ. ಲಂಡನ್ನಿನ ಒಂದು ಹೆಸರುವಾಸಿ ಡ್ರೆಸ್ ಅಂಗಡೀಲಿ ಹೊಲಿಗೆ ಕೆಲ್ಸ ಅವ್ಳದು. 1863ರಲ್ಲಿ ಹೊಸದಾಗಿ ಬಂದ ಯುವರಾಣಿಗೆ ನೃತ್ಯಕೂಟ ಇಟ್ಟಿದ್ರು, ಅಲ್ಲಿಗೆ ಹೋಗೋ ಶ್ರೀಮಂತ ಹೆಂಗಸರ ಉಡುಪು ಅರ್ಜೆಂಟಾಗಿ ಆಗ್ಬೇಕಿತ್ತು. ಅವ್ಳು, ಜೊತೆಗೆ ಅರವತ್ತು ಹುಡುಗೀರು, ಒಂದು ರೂಮಿಗೆ ಮೂವತ್ತು ಜನ, ಇಪ್ಪತ್ತಾರೂವರೆ ಗಂಟೆ ಬಿಡದೆ ಹೊಲಿದ್ರು. ಶುಕ್ರವಾರ ಹುಷಾರು ತಪ್ತು, ಭಾನುವಾರ ಸತ್ತುಹೋದ್ಳು, ಕೈಯಲ್ಲಿದ್ದ ಕೆಲ್ಸ ಮುಗ್ದಿರ್ಲಿಲ್ಲ. ವಿಪರೀತ ದುಡಿಮೆಯಿಂದ ಸಾವು ಅಂತ ಆಗಿನ ಪತ್ರಿಕೆಗಳಲ್ಲಿ ಸುದ್ದಿ ಬಂತು. ನಮ್ಮ ಗುಂಪಲ್ಲಿ ಈ ಪುಟ ಓದಿದ ಸಂಜೆ ಹೊಲಿಗೆ ಕೆಲ್ಸ ಮಾಡೋ ಒಬ್ರು ಬಹಳ ಹೊತ್ತು ಸುಮ್ನಿದ್ದು ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು, ಆ ಇಪ್ಪತ್ತಾರೂವರೆ ಗಂಟೇಲಿ ಅವ್ಳಿಗೆ ಎಷ್ಟು ಗಂಟೆ ಕೂಲಿ ಸಿಕ್ತು ಮೇಡಂ ಅಂತ. ಹೆಚ್ಚುವರಿ ಮೌಲ್ಯ ಅಂತ, ಅಂದ್ರೆ ದುಡಿಮೆಯಿಂದ ಹುಟ್ಟಿ ಕೂಲಿಯಾಗಿ ವಾಪಸ್ ಬರದೆ ಮಾಲೀಕನಲ್ಲೇ ಉಳಿಯೋ ಪಾಲು ಅಂತ, ದೊಡ್ಡ ಹೆಸರಿಟ್ಟು ಹೇಳೋ ವಿಷ್ಯ ಇರೋದೇ ಆ ಪ್ರಶ್ನೇಲಿ. ಅಷ್ಟೊತ್ತಿಗೆ ಅವ್ರಿಗೆ ಮೊದಲ್ನೇ ಅಧ್ಯಾಯದ ಅಗತ್ಯ ಬಿದ್ದಿತ್ತು, ಅವ್ರಾಗೇ ವಾಪಸ್ ಹೋಗಿ ಓದಿದ್ರು.

ಅದೇ ಅಧ್ಯಾಯದಲ್ಲಿ ಕಾನೂನಿನ ಕಥೆನೂ ಇದೆ. 1833ರ ಕಾಯ್ದೆ ಬಂದ್ಮೇಲೆ ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ ಅಂತಾಯ್ತು, 1847ರಲ್ಲಿ ಹೆಂಗಸರಿಗೆ ಮತ್ತೆ ಹದಿನೆಂಟರೊಳಗಿನವ್ರಿಗೆ ದಿನಕ್ಕೆ ಹತ್ತು ಗಂಟೆ ಮಿತಿ ಬಂತು. ಇದನ್ನ ಮುಂದಕ್ಕೆ ನೀವೇ ಎಳ್ಕೊಂಡು ಹೋಗ್ಬಹುದು. 1886ರ ಮೇ ತಿಂಗಳು ಷಿಕಾಗೋದಲ್ಲಿ ಎಂಟು ಗಂಟೆಗಾಗಿ ಮುಷ್ಕರ, 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಮೊಟ್ಟಮೊದಲ ಒಡಂಬಡಿಕೆ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ. ಒಂದೊಂದು ಗಂಟೆ ಇಳ್ಸೋದಕ್ಕೂ ಒಂದೊಂದು ತಲೆಮಾರು ಹಿಡ್ದಿದೆ ನೋಡಿ.

ಕ್ಯಾಪಿಟಲ್ ಜೊತೆಗೇ ರಾಬರ್ಟ್ ಟ್ರೆಸೆಲ್‌ನ ದಿ ರ‍್ಯಾಗ್ಡ್ ಟ್ರೌಸರ್ಡ್ ಫಿಲಾಂಥ್ರಪಿಸ್ಟ್ಸ್ ಇಟ್ಕೊಳ್ಳಿ, ನಿಮ್ಮ ಎರಡನೇ ಗೆಳತಿ ಪಟ್ಟೀಲಿ ಇದ್ರೂ ಇರ್ಬಹುದು. ಬರೆದೋರು ಮನೆಗೆ ಬಣ್ಣ ಹೊಡೆಯೋ ಕೆಲ್ಸದವ್ರು, 1911ರಲ್ಲಿ ತೀರ್ಕೊಂಡ್ರು, ಪುಸ್ತಕ ಬಂದಿದ್ದು 1914ರಲ್ಲಿ. ಅದ್ರಲ್ಲಿ ಓವೆನ್ ಅನ್ನೋನು ಊಟದ ಹೊತ್ತಲ್ಲಿ ಜೊತೆಯವ್ರಿಗೆ ಒಂದು ಆಟ ತೋರಿಸ್ತಾನೆ. ಬ್ರೆಡ್ ತುಂಡುಗಳು ಕಚ್ಚಾ ಮಾಲು, ಮೂರು ಚಾಕು ಯಂತ್ರಗಳು, ಮೂರು ಬಿಡಿ ಕಾಸು ಬಂಡವಾಳ, ಒಂದೊಂದು ಕಾಸು ಒಂದೊಂದು ಪೌಂಡ್ ಅಂತ ಲೆಕ್ಕ. ಮೂವರನ್ನ ಕೂಲಿಗೆ ಇಟ್ಕೊಂಡು ಒಬ್ಬೊಬ್ರಿಂದ ಮೂರು ಮೂರು ಚೌಕ ಕತ್ತರಿಸ್ತಾನೆ, ಒಬ್ಬೊಬ್ರಿಗೆ ಒಂದು ಪೌಂಡ್ ಕೂಲಿ ಕೊಡ್ತಾನೆ. ಬದುಕೋಕೆ ಆ ಚೌಕಗಳೇ ಬೇಕು, ಒಂದರ ಬೆಲೆ ಒಂದು ಪೌಂಡ್, ಸರಿ ಅವ್ರು ಕೂಲಿ ವಾಪಸ್ ಕೊಟ್ಟು ಒಂದೊಂದು ಕೊಂಡು ತಿಂತಾರೆ. ಮಾಲೀಕನೂ ಎರಡು ತಿಂತಾನೆ. ವಾರದ ಕೊನೇಗೆ ಅವ್ನ ಹತ್ರ ಆ ಮೂರು ಪೌಂಡ್ ಹಾಗೇ ಇದೆ, ಜೊತೆಗೆ ನಾಲ್ಕು ಚೌಕ ಉಳ್ದಿದೆ, ಕೆಲ್ಸದವ್ರ ಕೈ ಖಾಲಿ. ಹೀಗೇ ಒಂದಷ್ಟು ವಾರ ಆದ್ಮೇಲೆ ಮಾಲು ಜಾಸ್ತಿಯಾಯ್ತು ಅಂತ ಕೆಲ್ಸ ನಿಲ್ಲಿಸ್ತಾನೆ, ಚಾಕೂನೂ ವಾಪಸ್ ತಗೋತಾನೆ. ಈ ಅಧ್ಯಾಯಾನ ಓದಿ ಬಿಡ್ಬೇಡಿ, ನಾಲ್ಕು ಜನ ಕೂತ್ಕೊಂಡು ಕಾಗದದ ಚೂರು ಇಟ್ಕೊಂಡು ಆಡಿ ನೋಡಿ, ಆಡಿದಾಗ ಆಗೋದು ಓದಿದಾಗ ಆಗಲ್ಲ. ಒಬ್ರಿಗೆ ಮಾಲೀಕನ ಪಾತ್ರ ಕೊಟ್ರೆ ಎರಡು ಸುತ್ತಲ್ಲೇ ಅವ್ರ ದನಿ ಬದಲಾಗೋದನ್ನ ನಾನು ಎಷ್ಟೋ ಸಲ ನೋಡಿದೀನಿ.

ಆಮೇಲೆ ಜಾರ್ಜ್ ಆರ್ವೆಲ್‌ನ ದಿ ರೋಡ್ ಟು ವಿಗನ್ ಪಿಯರ್, 1937. ಇದ್ರ ಮೊದಲರ್ಧ ನಂಗೆ ತುಂಬಾ ಬೇಕಾದ ಪುಸ್ತಕ, ಎರಡನೇ ಅರ್ಧದಲ್ಲಿ ಸಮಾಜವಾದಿಗಳ ಬಗ್ಗೆ ಜಗಳ ಇದೆ, ಅದನ್ನ ಇಷ್ಟ ಇದ್ರೆ ಓದಿ. ಇದನ್ನ ಸದಸ್ಯರಿಗೆ ಕಳ್ಸಿದ್ದು ಲೆಫ್ಟ್ ಬುಕ್ ಕ್ಲಬ್, 1936ರಲ್ಲಿ ಶುರುವಾದ ಸಂಘ, ತಿಂಗ್ಳಿಗೊಂದು ಪುಸ್ತಕ, ಓದಿ ಚರ್ಚೆ ಮಾಡೋಕೆ ಊರೂರಲ್ಲಿ ಗುಂಪುಗಳು. ಎರಡನೇ ಅರ್ಧ ಒಪ್ಪದ ಪ್ರಕಾಶಕ ಗೊಲಾಂಜ್ ತಾನೇ ಒಂದು ಮುನ್ನುಡಿ ಬರ್ದು ಅಸಮ್ಮತಿ ಹೇಳಿ ಅಚ್ಚು ಹಾಕ್ಸಿದ್ರು. ಒಪ್ಪಿಗೆ ಇಲ್ದಿದ್ರೂ ಓದಿ ಅಂತ ಕೈಗೆ ಕೊಡೋದು, ಗೆಳೆಯರು ಪುಸ್ತಕ ಕೊಡೋದು ಹೀಗಿರ್ಬೇಕು.

ಆರ್ವೆಲ್ ಗಣಿ ಒಳಗೆ ಇಳೀತಾರೆ. ಕಲ್ಲಿದ್ದಲು ಕಡಿಯೋ ಜಾಗಕ್ಕೆ ಲಿಫ್ಟಿನ ಬುಡದಿಂದ ಒಂದು ಮೈಲಿ, ಕೆಲವು ಗಣೀಲಿ ಮೂರು ಮೈಲಿ, ಅಷ್ಟೂ ದೂರ ಬೆನ್ನು ಬಗ್ಗಿಸ್ಕೊಂಡು, ಕೆಲವು ಕಡೆ ತೆವ್ಳಿಕೊಂಡು ಹೋಗ್ಬೇಕು. ಶಿಫ್ಟ್ ಏಳೂವರೆ ಗಂಟೆ ಅಂತ ಕಾಗದದಲ್ಲಿದೆ, ಈ ಹೋಗಿ ಬರೋ ಹೊತ್ತು ಅದ್ರಲ್ಲಿ ಸೇರಿಲ್ಲ, ಅದಕ್ಕೆ ಕಾಸಿಲ್ಲ. ಇನ್ನೊಂದು ಕಡೆ ಗಣಿ ಕಾರ್ಮಿಕರ ಸಂಬಳದ ಚೀಟಿ ತೆಗ್ದು ಕಡಿತಗಳನ್ನ ಒಂದೊಂದಾಗಿ ಬರೀತಾರೆ, ವಿಮೆ, ಆಸ್ಪತ್ರೆ, ಯೂನಿಯನ್, ಹತ್ಯಾರು ಸಾಣೆ ಹಿಡ್ಸಿದ್ದು, ದೀಪದ ಬಾಡಿಗೆ. ದೀಪದ ಬಾಡಿಗೆ! ಕತ್ತಲೇಲಿ ಇಳ್ದು ಮಾಲೀಕನಿಗೆ ಕಲ್ಲಿದ್ದಲು ತೆಗೆಯೋಕೆ ದೀಪಕ್ಕೆ ಇವ್ನೇ ಬಾಡಿಗೆ ಕಟ್ಬೇಕು.

ನಮ್ಮ ಗುಂಪಲ್ಲಿ ಒಬ್ರು ಸೆಕ್ಯುರಿಟಿ ಗಾರ್ಡ್ ಇದ್ರು, ಆರು ವಾರ ಬಂದಿದ್ರು, ಒಂದ್ಸಲನೂ ಬಾಯಿ ಬಿಟ್ಟಿರ್ಲಿಲ್ಲ. ಈ ಪುಟದ ದಿನ ಜೇಬಿಂದ ಮಡ್ಚಿದ ಸಂಬಳದ ಚೀಟಿ ತೆಗ್ದು ಟೇಬಲ್ ಮೇಲೆ ಇಟ್ರು. "ಮೇಡಂ ನಮ್ದೂ ಇದೇ, ಶಿಫ್ಟ್ ಎಂಟಕ್ಕೆ ಅಂತಾರೆ, ಏಳೂವರೆಗೆ ಬಂದು ಯೂನಿಫಾರ್ಮ್ ಹಾಕಿ ಸಾಲಲ್ಲಿ ನಿಂತು ಚಾರ್ಜ್ ತಗೋಬೇಕು, ಸಂಜೆ ಬದ್ಲಿ ಬರೋನು ಲೇಟಾದ್ರೆ ಅವ್ನು ಬರೋವರ್ಗೂ ನಿಂತಿರ್ಬೇಕು, ಯೂನಿಫಾರ್ಮ್ ದುಡ್ಡು ಸಂಬಳದಲ್ಲೇ ಕಟ್" ಅಂದ್ರು. ಆಮೇಲೆ ಆರ್ವೆಲ್ ಬರ್ದ ಕಡಿತಗಳ ಲಿಸ್ಟ್ ಒಂದು ಕಡೆ, ಅವ್ರ ಚೀಟಿ ಒಂದು ಕಡೆ ಇಟ್ಟು ಸಾಲು ಸಾಲಾಗಿ ಹೋಲ್ಸಿದ್ವಿ. ದೀಪದ ಜಾಗದಲ್ಲಿ ಯೂನಿಫಾರ್ಮ್ ಕೂತಿತ್ತು ಅಷ್ಟೇ. ಆವತ್ತಿಂದ ಜೋರಾಗಿ ಓದೋ ಸರದಿ ಬಂದಾಗ ಅವ್ರೇ ಮೊದ್ಲು ಕೈ ಎತ್ತೋರು. ನೀವೂ ಇದನ್ನ ಓದೋವಾಗ ನಿಮ್ಮ ಸಂಬಳದ ಚೀಟಿ ಪಕ್ಕದಲ್ಲಿಟ್ಕೊಳ್ಳಿ, ತಮಾಷೆಗೆ ಹೇಳ್ತಿಲ್ಲ.

ಇಂಗ್ಲೆಂಡಿನ ಚರಿತ್ರೆಕಾರ ಇ. ಪಿ. ಥಾಂಪ್ಸನ್ ಹೆಸರು ನೀವು ಹೇಳಿದ್ರಲ್ಲಿ ಇಲ್ಲ, ಸೇರ್ಸಿಕೊಳ್ಳಿ. ಇಂಗ್ಲೆಂಡಿನ ಕಾರ್ಮಿಕ ವರ್ಗ ರೂಪುಗೊಂಡ ಬಗೆ ಬಗ್ಗೆ 1963ರಲ್ಲಿ ಅವ್ರು ಬರ್ದ ಪುಸ್ತಕ ತುಂಬಾ ದಪ್ಪ, ಪೂರ್ತಿ ಬೇಡ, ಮುನ್ನುಡಿ ಮತ್ತೆ ಮೊದಲ್ನೇ ಅಧ್ಯಾಯ ಸಾಕು. ವರ್ಗ ಅನ್ನೋದು ಒಂದು ವಸ್ತು ಅಲ್ಲ, ಜನರ ನಡುವಿನ ಸಂಬಂಧ, ಅದು ನಡೆಯೋದು, ಇಟ್ಟಿರೋದಲ್ಲ ಅಂತ ಮುನ್ನುಡೀಲಿ ವಾದ ಮಾಡ್ತಾರೆ. ಇದು ಅರ್ಥವಾದ್ರೆ ನಾನು ಯಾವ ವರ್ಗ, ನನ್ನ ಸಂಬಳ ಇಷ್ಟಿದ್ರೆ ಯಾವ ವರ್ಗ ಅನ್ನೋ ಗೊಂದಲ ಬಹಳಷ್ಟು ಕಮ್ಮಿಯಾಗುತ್ತೆ. ಮೊದಲ್ನೇ ಅಧ್ಯಾಯ ಶುರುವಾಗೋದು 1792ರ ಜನವರೀಲಿ ಲಂಡನ್ನಿನ ಒಂದು ಹೆಂಡದಂಗಡೀಲಿ ಸೇರಿದ ಒಂಬತ್ತು ಜನರಿಂದ, ಕಾರ್ಯದರ್ಶಿ ಥಾಮಸ್ ಹಾರ್ಡಿ ಅನ್ನೋ ಚಪ್ಪಲಿ ಹೊಲಿಯೋನು, ಅವ್ರ ಮೊದಲ್ನೇ ನಿಯಮ ನಮ್ಮ ಸದಸ್ಯರ ಸಂಖ್ಯೆಗೆ ಮಿತಿ ಇಲ್ಲ ಅಂತ. ಇವತ್ತು ಕೇಳೋಕೆ ಸಾಮಾನ್ಯ ಅನ್ಸುತ್ತೆ, ಆಗ ರಾಜಕೀಯ ಅಂದ್ರೆ ಆಸ್ತಿ ಇರೋರದ್ದು, ಬಾಗ್ಲು ತೆಗ್ದಿಟ್ಟಿದ್ದೇ ದೊಡ್ಡ ಅಪರಾಧ, ಹಾರ್ಡಿ ಮೇಲೆ ರಾಜದ್ರೋಹದ ಕೇಸೇ ಆಯ್ತು. ಥಾಂಪ್ಸನ್ ಅವ್ರದ್ದೇ 1967ರ ಒಂದು ಲೇಖನ ಇದೆ, ಗಡಿಯಾರ ಮತ್ತೆ ಕೆಲ್ಸದ ಶಿಸ್ತಿನ ಬಗ್ಗೆ. ಸ್ಕಾಟ್ಲೆಂಡಿನ ಡಂಡೀಲಿ ಮಿಲ್ಲಲ್ಲಿ ದುಡಿದವ್ರೊಬ್ರ ನೆನಪು ಅದ್ರಲ್ಲಿ ಬರುತ್ತೆ, ಗಡಿಯಾರನ ಬೆಳಿಗ್ಗೆ ಮುಂದಕ್ಕೆ ತಿರುಗಿಸ್ತಿದ್ರು, ರಾತ್ರಿ ಹಿಂದಕ್ಕೆ ತಿರುಗಿಸ್ತಿದ್ರು, ಕೆಲ್ಸದವ್ರು ಜೇಬಲ್ಲಿ ವಾಚ್ ಇಟ್ಕೊಳ್ಳೋಕೇ ಹೆದರ್ತಿದ್ರು. ಟೈಮ್ ಎಷ್ಟು ಅಂತ ಗೊತ್ತಿರೋದೇ ತಪ್ಪು ಅಲ್ಲಿ. ನಿಮ್ಮ ಫೋಲ್ಡರಲ್ಲಿ ಈ ಲೇಖನ ಇದ್ರೆ ಅದೊಂದನ್ನ ಹೊರಗೆ ತೆಗ್ದಿಡಿ.

ಮಾಲೀಕರ ಕಡೆಯ ಪುಸ್ತಕನೂ ಓದಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಗೆಳೆಯರು ಇದನ್ನ ಕೊಡಲ್ಲ. ಅಮೆರಿಕದ ಇಂಜಿನಿಯರ್ ಫ್ರೆಡ್ರಿಕ್ ಟೇಲರ್ 1911ರಲ್ಲಿ ವೈಜ್ಞಾನಿಕ ಮ್ಯಾನೇಜ್‌ಮೆಂಟ್ ತತ್ವಗಳ ಬಗ್ಗೆ ಬರ್ದ ಚಿಕ್ಕ ಪುಸ್ತಕ. ಬೆತ್ಲೆಹೆಮ್ ಸ್ಟೀಲ್ ಕಂಪನೀಲಿ ಕಬ್ಬಿಣದ ಗಟ್ಟಿ ಹೊರೋರು ದಿನಕ್ಕೆ ಸರಾಸರಿ 12.5 ಟನ್ ಹೊರ್ತಿದ್ರಂತೆ, ಯಾವಾಗ ಎತ್ಬೇಕು ಯಾವಾಗ ಕೂರ್ಬೇಕು ಅಂತ ಒಬ್ಬ ವಾಚ್ ಹಿಡ್ಕೊಂಡು ಹೇಳ್ತಾ ಹೋಗಿ 47 ಟನ್‌ಗೆ ಏರ್ಸಿದ್ರಂತೆ. ದಿನಗೂಲಿ 1.15 ಡಾಲರಿಂದ 1.85 ಡಾಲರಿಗೆ ಏರ್ತು. ಭಾರ ನಾಲ್ಕರಷ್ಟರ ಹತ್ರ, ಕೂಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಇದನ್ನ ಅವ್ರು ಮುಚ್ಚಿಟ್ಟಿಲ್ಲ, ಹೆಮ್ಮೆಯಿಂದ ಬರ್ದಿದಾರೆ, ಅದಕ್ಕೇ ಓದ್ಬೇಕು ಅನ್ನೋದು. ಇದಾದ್ಮೇಲೆ ಹ್ಯಾರಿ ಬ್ರೇವರ್ಮನ್‌ನ ಲೇಬರ್ ಅಂಡ್ ಮೊನಾಪಲಿ ಕ್ಯಾಪಿಟಲ್ ಹಿಡೀರಿ, 1974, ಬರೆದೋರು ತಾವೇ ತಾಮ್ರದ ಕೆಲ್ಸ ಮಾಡಿದವ್ರು. ಯೋಚ್ನೆ ಮಾಡೋ ಕೆಲ್ಸನ ಕೈಯಿಂದ ಕಿತ್ತು ಆಫೀಸಿಗೆ ಒಯ್ಯೋದು ಹೇಗೆ ಅಂತ ಟೇಲರನ್ನೇ ಮುಂದಿಟ್ಕೊಂಡು ತೋರಿಸ್ತಾರೆ. ಇವತ್ತು ಆಪ್ ಹೇಳಿದ ದಾರೀಲಿ ಗಾಡಿ ಓಡ್ಸೋರಿಗೆ ಇದು ಹಳೇ ಪುಸ್ತಕ ಅನ್ಸಲ್ಲ.

ನಿಮ್ಮ ಮೂರನೇ ಗೆಳೆಯನ ಮಾತಿಗೆ ಬರ್ತೀನಿ. ಅವ್ನು ಹೇಳಿದ್ದು ಸರಿ, ಸ್ವಲ್ಪ ಖಾರವಾಗಿ ಹೇಳಿದಾನೆ ಅಷ್ಟೇ. ಮೇಲಿನ ಪುಸ್ತಕಗಳೆಲ್ಲ ಒಂದು ವಿಷ್ಯ ನಂಬ್ಕೊಂಡು ನಡೀತವೆ, ಕೆಲ್ಸದವ್ನು ಕೆಲ್ಸದವ್ನ ಪಕ್ಕ ನಿಲ್ತಾನೆ ಅಂತ. ನಿಲ್ಲದೇ ಇದ್ರೆ? ಬಾಂಬೆಯ ಬಟ್ಟೆ ಮಿಲ್ಲುಗಳಲ್ಲಿ ನೇಯ್ಗೆ ವಿಭಾಗದಲ್ಲಿ ಸಂಬಳ ಚೆನ್ನಾಗಿತ್ತು, ಅಲ್ಲಿಗೆ ದಲಿತರಿಗೆ ಪ್ರವೇಶ ಇರ್ಲಿಲ್ಲ. ಯಾಕಂದ್ರೆ ಮಗ್ಗದಲ್ಲಿ ಅಡ್ಡ ನೂಲು ಒಯ್ಯೋ ಲಾಳಿಗೆ ಹೊಸ ಕಂಡಿಕೆ, ಅಂದ್ರೆ ನೂಲು ಸುತ್ತಿದ ಸುರುಳಿ, ಹಾಕ್ದಾಗ ನೂಲಿನ ತುದೀನ ಬಾಯಿಂದ ಹೀರಿ ಲಾಳಿ ಕಣ್ಣಿಂದ ಆಚೆ ಎಳೀಬೇಕಿತ್ತು, ಅವ್ರ ಬಾಯಿ ತಾಗಿದ ಲಾಳೀನ ನಾವು ಮುಟ್ಟಲ್ಲ ಅಂತ ಜೊತೆ ಕೆಲ್ಸದವ್ರೇ ಹಠ ಹಿಡಿದ್ರು. ಕೆಂಪು ಬಾವುಟ ಹಿಡ್ದು ಮುಷ್ಕರ ಮಾಡ್ತಿದ್ದ ಅದೇ ಕೈಗಳು. ಅಂಬೇಡ್ಕರ್ ಇದನ್ನ ಎತ್ತಿ ಕೇಳಿದ್ರು. ಜಾತಿ ಬರೀ ಶ್ರಮದ ವಿಭಜನೆ ಅಲ್ಲ, ಶ್ರಮಿಕರ ವಿಭಜನೆ ಅನ್ನೋ ಅವ್ರ ಮಾತನ್ನ ಆ ಲಾಳಿ ಪಕ್ಕ ಇಟ್ಟು ಓದಿ. ಅದು ಇರೋದು ಜಾತಿ ವಿನಾಶದಲ್ಲಿ, 1936. ಲಾಹೋರಿನ ಒಂದು ಸಮ್ಮೇಳನಕ್ಕೆ ಅಧ್ಯಕ್ಷ ಭಾಷಣ ಅಂತ ಬರೆದಿದ್ದು, ಕರೆದವ್ರು ಓದಿ ಹೆದರಿ ಸಮ್ಮೇಳನನೇ ನಿಲ್ಲಿಸಿದ್ರು, ಅಂಬೇಡ್ಕರ್ ತಮ್ಮ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ರು. ಮಾಡದ ಭಾಷಣ ಅದು. ಕೆಲವರು ಅಂಬೇಡ್ಕರ್ ಅಂದ್ರೆ ಜಾತಿ, ಮಾರ್ಕ್ಸ್ ಅಂದ್ರೆ ವರ್ಗ ಅಂತ ಎರಡು ಡಬ್ಬಿ ಮಾಡಿ ಇಡ್ತಾರೆ, ಅದು ತಪ್ಪು. ಅದೇ 1936ರಲ್ಲಿ ಅವ್ರು ಕಟ್ಟಿದ್ದು ಸ್ವತಂತ್ರ ಕಾರ್ಮಿಕ ಪಕ್ಷ, 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆ ದಲಿತ ಕಾರ್ಮಿಕರ ಮುಂದೆ ಹೇಳಿದ್ದು ನಮ್ಗೆ ಇಬ್ಬರು ಶತ್ರುಗಳು, ಬ್ರಾಹ್ಮಣಶಾಹಿ ಮತ್ತೆ ಬಂಡವಾಳಶಾಹಿ ಅಂತ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡಿದ್ದೂ ಅವ್ರೇ, 1946ರ ಫ್ಯಾಕ್ಟರಿ ಕಾಯ್ದೆ ತಿದ್ದುಪಡೀಲಿ ವಾರದ ಮಿತಿ 54ರಿಂದ 48 ಗಂಟೆಗೆ ಇಳೀತು. ಗಂಟೆ ಲೆಕ್ಕ ಇಲ್ಲಿಗೂ ಬಂತು ನೋಡಿ.

ಇದ್ರ ಜೊತೆಗೆ ನಮ್ಮ ಭಾಷೆಯ ಎರಡು ಪುಸ್ತಕ ಒಟ್ಟಿಗೆ ಓದಿ. ಶಿವರಾಮ ಕಾರಂತರ ಚೋಮನ ದುಡಿ, 1933, ಮತ್ತೆ ಸಿದ್ಧಲಿಂಗಯ್ಯನವರ ಆತ್ಮಕಥೆ ಊರುಕೇರಿ. ಚೋಮನ ಹತ್ರ ಒಂದು ಜೊತೆ ಎತ್ತಿದೆ, ಉಳೋಕೆ ತೋಳಿದೆ, ಭೂಮಿ ಇಲ್ಲ, ಹುಟ್ಟಿನ ಕಾರಣಕ್ಕೆ ಗೇಣಿಗೂ ಸಿಗಲ್ಲ. ಊರುಕೇರೀಲಿ ಹುಡುಗ ಮನೆ ಹತ್ರ ನಿಂತು ನೋಡ್ತಾನೆ, ಹೊಲದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ಕೊಂಡು ಎಳೀತಿದಾರೆ, ಹಿಂದೆ ಒಬ್ಬ ಉಳ್ತಿದಾನೆ, ಮೊದ್ಲು ಮಜಾ ಅನ್ಸುತ್ತೆ, ಆಮೇಲೆ ಗೊತ್ತಾಗುತ್ತೆ ನೊಗ ಹೊತ್ತವ್ರಲ್ಲಿ ಒಬ್ಬರು ತನ್ನ ಅಪ್ಪ ಅಂತ. ಒಂದು ಕಡೆ ಎತ್ತಿದ್ದೂ ನೆಲ ಇಲ್ದವ್ನು, ಇನ್ನೊಂದು ಕಡೆ ಎತ್ತಿನ ಜಾಗಕ್ಕೆ ಮನುಷ್ಯ. ನೆಲ, ಎತ್ತು, ಯಂತ್ರದಂಥ ಉತ್ಪಾದನಾ ಸಾಧನ ಯಾರ ಕೈಲಿದೆ ಅಂತ ಪುಸ್ತಕಗಳು ಕೇಳೋ ಪ್ರಶ್ನೆ ಈ ಎರಡು ಚಿತ್ರದಲ್ಲಿ ಎಷ್ಟು ಹತ್ರ ಬರುತ್ತೆ ಅಂದ್ರೆ ನಂಗೆ ಪಾಠ ಮಾಡೋವಾಗ ಇಲ್ಲಿ ಮಾತು ಸಾಕಾಗಲ್ಲ. ದುಡಿ ಅಂದ್ರೆ ಚೋಮ ಬಾರಿಸೋ ವಾದ್ಯ, ದುಡಿ ಅಂದ್ರೆ ಗೇಯ್ಮೆ ಮಾಡು ಅಂತ ಅಪ್ಪಣೆನೂ ಹೌದು, ಎರಡೂ ಒಂದೇ ಅಕ್ಷರ.

ಮನೆಕೆಲ್ಸದ ಗಂಟೆ ಯಾರ ಪಟ್ಟೀಲೂ ಇಲ್ಲ, ನಿಮ್ಮ ನಾಲ್ಕೂ ಗೆಳೆಯರು ಹೇಳಿದ್ರಲ್ಲೂ ಅದ್ರ ಸುಳಿವಿಲ್ಲ. ನಿಮ್ಗೆ ರಾತ್ರಿ ಒಂದು ಗಂಟೆ ಸಿಗ್ತಿದೆ ಅಂದ್ರೆ ಆ ಹೊತ್ತಲ್ಲಿ ಪಾತ್ರೆ ತೊಳೀತಿರೋರು ಯಾರು ಅಂತ ಒಂದ್ಸಲ ನೋಡಿ, ನೀವೇ ತೊಳ್ದಿಟ್ಟು ಬಂದು ಕೂತಿದ್ರೆ ಅದಕ್ಕೆ ಹಿಡ್ದ ಹೊತ್ತನ್ನೂ ಬರ್ದಿಟ್ಕೊಳ್ಳಿ. ಸಿಲ್ವಿಯಾ ಫೆಡೆರಿಚಿ 1975ರಲ್ಲಿ ಬರ್ದ ವೇಜಸ್ ಅಗೇನ್ಸ್ಟ್ ಹೌಸ್‌ವರ್ಕ್ ಒಂದು ಪುಟ್ಟ ಹೊತ್ತಗೆ, ಒಂದೇ ಕೂತಲ್ಲಿ ಮುಗಿಯುತ್ತೆ. ಅವ್ರು ಪ್ರೀತಿ ಅಂತಾರೆ, ನಾವು ಅದನ್ನ ಕೂಲಿ ಇಲ್ಲದ ಕೆಲ್ಸ ಅಂತೀವಿ ಅನ್ನೋ ಧಾಟೀಲಿ ಶುರುವಾಗುತ್ತೆ. ಅದೇ ವರ್ಷ ಅಕ್ಟೋಬರ್ 24ಕ್ಕೆ ಐಸ್‌ಲ್ಯಾಂಡಿನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಹೆಂಗಸರು ಆಫೀಸು, ಅಡುಗೆ, ಮಕ್ಕಳು ಎಲ್ಲ ಕೆಲ್ಸ ಒಂದಿನ ನಿಲ್ಲಿಸಿದ್ರು, ದೇಶನೇ ನಿಂತುಹೋಯ್ತು, ಮುಂದಿನ ವರ್ಷ ಸಮಾನತೆ ಕಾನೂನು ಬಂತು. ನಮ್ಮಲ್ಲಿ ಇದಕ್ಕೂ ಎಂಟುನೂರು ವರ್ಷ ಮುಂಚೆ ಆಯ್ದಕ್ಕಿ ಲಕ್ಕಮ್ಮ ಅನ್ನೋ ಶರಣೆ, ಗಂಡ ಮಾರಯ್ಯ ದಿನದ ಕಾಯಕಕ್ಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದ್ರೆ ಇಷ್ಟೊಂದು ಆಸೆ ನಿಮ್ಗೆ ಯಾಕೆ, ಇದನ್ನ ಅಲ್ಲೇ ಸುರಿದು ಬನ್ನಿ ಅಂತಾಳೆ. ಎಷ್ಟು ಬೇಕು, ಅದಕ್ಕಿಂತ ಜಾಸ್ತಿ ಆದದ್ದು ಯಾರದ್ದು, ಈ ಪ್ರಶ್ನೇನ ಒಬ್ಬ ಹೆಂಗಸು ಮನೆ ಬಾಗ್ಲಲ್ಲಿ ನಿಂತು ಕೇಳಿದ್ದು ನಂಗೆ ಯಾವ ದೊಡ್ಡ ಪುಸ್ತಕಕ್ಕೂ ಕಮ್ಮಿ ಅನ್ಸಲ್ಲ. ವಚನಗಳ ಯಾವ ಸಂಪುಟದಲ್ಲಾದ್ರೂ ಅವ್ಳನ್ನ ಹುಡುಕಿ ಓದಿ.

ಗೆಳತಿ ಕೊಟ್ಟ ಕಾದಂಬರಿಗಳ ವಿಷ್ಯ. ಫ್ರೆಂಚ್ ಲೇಖಕ ಜೋಲಾನ ಜರ್ಮಿನಲ್, 1885, ಗಣಿ ಕಾರ್ಮಿಕರ ಮುಷ್ಕರದ ಕಥೆ, ಓದ್ಲೇಬೇಕು. ಅವ್ರು ಬರೆಯೋಕೆ ಮುಂಚೆ ಮುಷ್ಕರ ನಡೀತಿದ್ದ ಗಣಿ ಊರಿಗೆ ಹೋಗಿ ಇದ್ರು, ಗಣಿ ಒಳಗೆ ಇಳಿದ್ರು, 1902ರಲ್ಲಿ ಅವ್ರ ಶವಯಾತ್ರೇಲಿ ಗಣಿ ಕಾರ್ಮಿಕರು ಜರ್ಮಿನಲ್, ಜರ್ಮಿನಲ್ ಅಂತ ಕೂಗ್ತಾ ನಡೆದ್ರು. ಗೋರ್ಕಿಯ ತಾಯಿಯಲ್ಲಿ ಅಕ್ಷರ ಬರದ ಅಮ್ಮ ವಯಸ್ಸಾದ್ಮೇಲೆ ಓದೋಕೆ ಕಲೀತಾಳೆ, ಊಟ ಮಾರೋ ನೆಪದಲ್ಲಿ ಕರಪತ್ರಗಳನ್ನ ಫ್ಯಾಕ್ಟರಿ ಒಳಗೆ ಸಾಗಿಸ್ತಾಳೆ, ಕೆಲವು ಕಡೆ ಭಾಷಣ ಜಾಸ್ತಿ, ಆದ್ರೂ ಆ ಅಮ್ಮನಿಗಾಗಿ ಓದಿ. ಅಪ್ಟನ್ ಸಿಂಕ್ಲೇರ್‌ನ ದಿ ಜಂಗಲ್, 1906, ಓದೋವಾಗ ಒಂದು ಎಚ್ಚರಿಕೆ. ಷಿಕಾಗೋ ಮಾಂಸದ ಕಾರ್ಖಾನೆಗಳಲ್ಲಿ ವಲಸೆ ಕಾರ್ಮಿಕರ ಪಾಡನ್ನ ಜನಕ್ಕೆ ತೋರಿಸ್ಬೇಕು ಅಂತ ಅವ್ರು ಬರೆದಿದ್ದು, ಜನ ಓದಿದ್ದು ತಮ್ಮ ತಟ್ಟೆಗೆ ಬರೋ ಮಾಂಸ ಎಷ್ಟು ಕೊಳಕು ಅಂತ. ಅದೇ ವರ್ಷ ಆಹಾರ ಶುದ್ಧತೆಗೆ, ಮಾಂಸದ ತಪಾಸಣೆಗೆ ಎರಡು ಕಾನೂನು ಬಂದ್ವು, ಆ ಕೆಲ್ಸದವ್ರ ಗಂಟೆ, ಕೂಲಿ ಹಾಗೇ ಉಳೀತು. ಹೃದಯಕ್ಕೆ ಗುರಿ ಇಟ್ಟೆ, ಹೊಟ್ಟೆಗೆ ತಾಗ್ತು ಅಂತ ಸಿಂಕ್ಲೇರೇ ನೊಂದ್ಕೊಂಡ್ರು. ಓದೋರು ತಮ್ಗೆ ಬೇಕಾದ್ದನ್ನ ಮಾತ್ರ ತಗೊಂಡ್ರೆ ಕಾದಂಬರಿಗೂ ಹೀಗಾಗುತ್ತೆ.

ನ್ಯಾಯ ಅಂದ್ರೇನು ಅನ್ನೋ ತತ್ವದ ಪುಸ್ತಕಗಳನ್ನ ಇಷ್ಟು ಆದ್ಮೇಲೆ ಹಿಡೀರಿ. ಜಾನ್ ರಾಲ್ಸ್‌ನ ಎ ಥಿಯರಿ ಆಫ್ ಜಸ್ಟಿಸ್, 1971, ಓದೋಕೆ ಭಾರ. ಅಮರ್ತ್ಯ ಸೇನ್ 2009ರ ದಿ ಐಡಿಯಾ ಆಫ್ ಜಸ್ಟಿಸ್ ಪುಸ್ತಕದಲ್ಲಿ ಒಂದು ಕೊಳಲು, ಮೂರು ಮಕ್ಕಳು ಇರೋ ಉದಾಹರಣೆ ಕೊಡ್ತಾರೆ, ಒಂದು ಮಗೂಗೆ ನುಡಿಸೋಕೆ ಬರುತ್ತೆ, ಒಂದು ಮಗೂಗೆ ಆಡೋಕೆ ಬೇರೇನೂ ಇಲ್ಲ, ಒಂದು ಮಗು ತಿಂಗಳುಗಟ್ಲೆ ಕೂತು ಅದನ್ನ ಮಾಡಿದೆ, ಕೊಳಲು ಯಾರಿಗೆ. ಆ ಎರಡು ಮೂರು ಪುಟ ಗೆಳೆಯರ ಜೊತೆ ಓದಿ, ನಾಲ್ವರೂ ಬೇರೆ ಬೇರೆ ಉತ್ತರ ಕೊಡ್ತಾರೆ. ಅರ್ಥಶಾಸ್ತ್ರಜ್ಞ ಪಿಕೆಟಿ ಥರದವ್ರ ದಪ್ಪ ಅಂಕಿ ಅಂಶದ ಪುಸ್ತಕಗಳು ಒಳ್ಳೇವೇ, ನಿಮ್ಮ ಒಂದು ಗಂಟೆಗೆ ಈಗ ಬೇಡ.

ಪಿಡಿಎಫ್ ಫೋಲ್ಡರ್ ಕಳ್ಸಿದವ್ರಿಗೆ ಒಂದು ಮೆಸೇಜ್ ಹಾಕಿ, ಅರವತ್ತರಲ್ಲಿ ನೀವು ನಿದ್ದೆ ಕೆಟ್ಟು ಓದಿದ್ದು ಯಾವುದು, ಎಷ್ಟನೇ ಪುಟದಲ್ಲಿ ನಿಂತ್ರಿ ಅಂತ. ಮಿಕ್ಕ ಮೂವರಿಗೂ ಇದೇ ಕೇಳಿ. ಪುಸ್ತಕದ ಹೆಸರು ಯಾರು ಬೇಕಾದ್ರೂ ಕೊಡ್ತಾರೆ, ಪುಟದ ನಂಬರ್ ಕೊಡೋಕೆ ಓದಿರ್ಬೇಕು, ಆ ಪುಟ ಅವ್ರಿಗೆ ಯಾಕೆ ತಾಗ್ತು ಅಂತ ಹೇಳೋವಾಗ ಅವ್ರು ತಮ್ಮ ಬದುಕಿನ ಬಗ್ಗೆ ನಿಮ್ಗೆ ಹಿಂದೆ ಹೇಳದ ಏನೋ ಒಂದು ಹೇಳ್ತಾರೆ.

ರಾತ್ರಿ ಒಂದು ಗಂಟೇಲಿ ಇಪ್ಪತ್ತು ಪುಟ ಆಗುತ್ತೆ ಅಂದ್ಕೊಂಡ್ರೆ ಕೆಲ್ಸದ ದಿನದ ಅಧ್ಯಾಯಕ್ಕೆ ನಾಲ್ಕು ರಾತ್ರಿ, ಟ್ರೆಸೆಲ್‌ನ ಬ್ರೆಡ್ ಆಟಕ್ಕೆ ಒಂದು, ಆರ್ವೆಲ್‌ನ ಗಣಿಗೆ ಎರಡು, ಥಾಂಪ್ಸನ್ ಲೇಖನಕ್ಕೆ ಎರಡು ಮೂರು, ಜಾತಿ ವಿನಾಶಕ್ಕೆ ಒಂದು ವಾರ, ಅದನ್ನ ನಿಧಾನವಾಗೇ ಓದಿ. ಚೋಮನ ದುಡಿ, ಊರುಕೇರಿ ರಜಾ ದಿನಕ್ಕೆ ಇಟ್ಕೊಳ್ಳಿ. ಸುಸ್ತಾಗಿ ಕಣ್ಣು ಮುಚ್ಚೋ ರಾತ್ರಿ ಪುಸ್ತಕ ಮುಚ್ಚಿ ಮಲ್ಕೊಳ್ಳಿ, ಮೈಯಲ್ಲಿ ಓದೋ ಶಕ್ತಿ ಉಳ್ದಿಲ್ಲ ಅಂದ್ರೆ ಅದು ನಿಮ್ಮ ಸೋಮಾರಿತನ ಅಲ್ಲ, ಆವತ್ತು ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ಮನೆ ಸೇರಿದ್ರಿ ಅಂತ ಪುಸ್ತಕದ ಅಂಚಲ್ಲಿ ಪೆನ್ಸಿಲಲ್ಲಿ ಬರ್ದಿಡಿ. ತಿಂಗ್ಳಾದ್ಮೇಲೆ ಆ ಅಂಚುಗಳನ್ನ ಕೂಡ್ಸಿ ನಂಗೆ ಬರೀರಿ, ಮುಂದಿನ ಪುಸ್ತಕ ಯಾವುದು ಅಂತ ಅದನ್ನ ನೋಡಿ ಹೇಳ್ತೀನಿ.